ಸಾಯುವ ಸೆಲ್ಲಿಗೆ ಸಾವಿರ ರೂಪಾಯಿ

ಗೋಕಾಕದ ಎಲೆಕ್ಟ್ರಿಕ್ ಅಂಗಡಿಯಲ್ಲಿ ಒಂಬತ್ತು ವೋಲ್ಟಿನ ಚೌಕ ಸೆಲ್ ಕೇಳಿದರೆ ಅಂಗಡಿಯವರದು ಒಂದೇ ಪ್ರಶ್ನೆ: “ಮೀಟರಿಗೇನ್ರೀ, ಮೈಕಿಗೇನ್ರೀ?” ಮೀಟರ್ ಎಂದರೆ ವಾಯರ್‌ಮನ್ನರ ಮಲ್ಟಿಮೀಟರ್. ಮೈಕ್ ಎಂದರೆ ಭಜನೆಗೂ ಪ್ರವಚನಕ್ಕೂ ಚುನಾವಣೆ ಪ್ರಚಾರಕ್ಕೂ ಓಡಾಡುವ ಕಾರ್ಡ್‌ಲೆಸ್ ಮೈಕ್. ಈಚೆಗೆ ಇವೆರಡಕ್ಕೂ ಸೇರದ ಗಿರಾಕಿಯೊಬ್ಬ ಹುಟ್ಟಿಕೊಂಡಿದ್ದಾನೆ. ಬೆನ್ನಿಗೆ ಗಿಟಾರು, ಮುಖಕ್ಕೆ ಎಳೆಗಡ್ಡ, ಕೈಯಲ್ಲಿ ಪುಟ್ಟ ತಗಡಿನ ಡಬ್ಬಿ. “ಫಜ್ ಪೆಡಲ್ಲಿಗೆ ಬೇಕಾಗಿತ್ರೀ. ಆದ್ರ ಹೊಸಾದು ಬ್ಯಾಡ. ಅಗ್ಗದ ಕಾರ್ಬನ್ ಸೆಲ್ಲ, ಏಳೂವರಿ ವೋಲ್ಟಿಗೆ ಇಳಿದದ್ದು ಇದ್ರ ಕೊಡ್ರಿ.”

ಸತ್ತ ಸೆಲ್ ತಂದು “ವಾಪಸ್ ತಗೋರಿ” ಎಂದು ಜಗಳಕ್ಕೆ ನಿಂತವರನ್ನು ಅಂಗಡಿಯವರು ಬೇಕಾದಷ್ಟು ಕಂಡಿದ್ದಾರೆ. ಸಾಯುತ್ತಿರುವುದೇ ಬೇಕೆಂದು ರೊಕ್ಕ ಹಿಡಿದು ನಿಂತವನನ್ನು ಕಂಡದ್ದು ಇದೇ ಮೊದಲು. ಹುಡುಗನಿಗೆ ತಲೆ ಕೆಟ್ಟಿಲ್ಲ. ಬೆಂಗಳೂರಿಗೆ ಹೋಗಿ ಬಂದಿದ್ದಾನೆ, ಅಷ್ಟೇ.

ಫಜ್ ಎಂದರೇನು ಎಂದು ತಿಳಿಯದವರಿಗಾಗಿ ಸ್ವಲ್ಪ ವಿವರಣೆ. ಎಲೆಕ್ಟ್ರಿಕ್ ಗಿಟಾರಿನ ತಂತಿ ಮಿಡಿದರೆ ಪಿಕಪ್ಪಿನಿಂದ ಸಣ್ಣದೊಂದು ವಿದ್ಯುತ್ ಅಲೆ ಹೊರಡುತ್ತದೆ. ಕಾಲಿನಿಂದ ಒತ್ತುವ ಈ ಡಬ್ಬಿಯೊಳಗಿನ ಟ್ರಾನ್ಸಿಸ್ಟರುಗಳು ಆ ಅಲೆಯನ್ನು ಹಿಗ್ಗಾಮುಗ್ಗಾ ಎತ್ತಲು ಹೋಗುತ್ತವೆ. ಆದರೆ ಅಲೆ ಏರಲು ಇರುವ ಜಾಗ ಸೆಲ್ಲಿನ ವೋಲ್ಟೇಜ್ ಎಷ್ಟೋ ಅಷ್ಟೇ. ಆ ಮಿತಿ ತಾಕಿದ ಕೂಡಲೇ ಅಲೆಯ ತಲೆ ಬೋಳಾಗುತ್ತದೆ, ಬುಡವೂ ಕತ್ತರಿಸಿ ಹೋಗುತ್ತದೆ. ತಲೆಬುಡ ಎರಡೂ ಇಲ್ಲದ ಆ ಅಲೆ ಸ್ಪೀಕರಿನಿಂದ ಗರಗರ ಎಂದು ಹೊರಬರುತ್ತದೆ. ಅದು ಫಜ್. ಸೆಲ್ ಇಳಿಯುತ್ತ ಹೋದಂತೆ ಮಿತಿಯೂ ತಗ್ಗುತ್ತದೆ, ಟ್ರಾನ್ಸಿಸ್ಟರು ತನ್ನ ನೆಲೆ ತಪ್ಪುತ್ತದೆ, ದನಿ ಉಬ್ಬಸ ಹಿಡಿದಂತೆ ತಡೆತಡೆದು ಬರುತ್ತದೆ. ಆ ಉಬ್ಬಸಕ್ಕೆ ಮರುಳಾದವರು ಜಗತ್ತಿನ ತುಂಬ ಇದ್ದಾರೆ.

ಇದೆಲ್ಲ ಶುರುವಾದದ್ದು ಒಂದು ಕೆಟ್ಟ ಮಷಿನ್ನಿನಿಂದ. 1961ರಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನ ಸ್ಟುಡಿಯೋದಿಂದ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಹಾಡು ಹೊರಬಂತು. ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರು ಮಿಕ್ಸರಿನ ಕೆಟ್ಟುಹೋದ ಚಾನೆಲ್ ಮೂಲಕ ಹಾದು ಬಂದು ಗರಗರ ಎಂದಿತ್ತು. ಅದನ್ನು ಹಾಗೆಯೇ ಉಳಿಸಿಕೊಂಡರು, ಹಾಡು ಗೆದ್ದಿತು. ಸ್ಟುಡಿಯೋದ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಡುಕನ್ನು ಟ್ರಾನ್ಸಿಸ್ಟರುಗಳಿಂದ ಬೇಕೆಂದೇ ಹುಟ್ಟಿಸುವ ಸರ್ಕೀಟ್ ಮಾಡಿ ಗಿಬ್ಸನ್ ಕಂಪನಿಗೆ ಕೊಟ್ಟರು. 1962ರಲ್ಲಿ ಅದು ‘ಮಾಯೆಸ್ಟ್ರೋ ಫಜ್‌ಟೋನ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಒಳಗೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರು, ಒಂದೂವರೆ ವೋಲ್ಟಿನ ಎರಡು ಸೆಲ್.

ನಮ್ಮ ಕಡೆ ಮದುವೆ ರಸಮಂಜರಿಯಲ್ಲಿ ಮಿಕ್ಸರಿನ ಚಾನೆಲ್ ಕೆಟ್ಟು ಗರಗರ ಎಂದರೆ ಬೀಗರು ಎದ್ದು ನಿಲ್ಲುತ್ತಾರೆ, ಮೈಕಿನವನ ಬಾಕಿ ಹಣ ಮುಳುಗುತ್ತದೆ. ಅಲ್ಲಿ ಅದೇ ತಪ್ಪಿಗೆ ಪೇಟೆಂಟ್ ಸಿಕ್ಕಿತು.

ಆದರೂ ಡಬ್ಬಿ ಮೊದಮೊದಲು ಅಂಗಡಿಗಳಲ್ಲಿ ಧೂಳು ತಿಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದರು. ಅವರ ಲೆಕ್ಕದಲ್ಲಿ ಅದು ಮುಂದೆ ಕಹಳೆ ವಾದ್ಯಗಳು ನುಡಿಸಬೇಕಾದ ಸಾಲಿಗೆ ತಾತ್ಕಾಲಿಕ ಗುರುತು, ಅಷ್ಟೇ. ಗುರುತೇ ಹಾಡಾಗಿ ಹೊರಬಿದ್ದು, ಅಂಗಡಿಯ ಡಬ್ಬಿಗಳೆಲ್ಲ ಖಾಲಿಯಾದವು. ಡಬ್ಬಿಗೂ ಮುಂಚೆ ಲಿಂಕ್ ರೇ ಎಂಬ ಗಿಟಾರುಗಾರರು ಇದೇ ದನಿಗಾಗಿ ಸ್ಪೀಕರಿನ ಕಾಗದಕ್ಕೆ ತೂತು ಕೊರೆದಿದ್ದರು. ಆಮೇಲೆ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದಲೇ ಸೀಳಿದರು. ಸಂಗೀತಕ್ಕಾಗಿ ಸ್ಪೀಕರ್ ಹರಿಯುವುದು ಅಲ್ಲಿ ಇತಿಹಾಸ. ಇಲ್ಲಿ ಇಲಿ ಕಡಿದ ಸ್ಪೀಕರನ್ನು ಜಾತ್ರೆಗೆ ತಂದವನಿಗೆ ಮುಂದಿನ ವರ್ಷ ವೀಳ್ಯ ಇಲ್ಲ.

1966ರಲ್ಲಿ ಲಂಡನ್ನಿನಿಂದ ‘ಫಜ್ ಫೇಸ್’ ಬಂತು. ದುಂಡನೆಯ ತಗಡು, ಎರಡು ಟ್ರಾನ್ಸಿಸ್ಟರು, ಒಂದು ಒಂಬತ್ತು ವೋಲ್ಟಿನ ಸೆಲ್. ಮೈಕ್ ಸ್ಟ್ಯಾಂಡಿನ ಅಡಿಯ ಬಿಲ್ಲೆ ನೋಡಿ ಆ ಆಕಾರ ಹೊಳೆಯಿತಂತೆ. ಜಿಮಿ ಹೆಂಡ್ರಿಕ್ಸ್ ಅದನ್ನು ತುಳಿದರು, ಅಲ್ಲಿಂದ ಅದು ಮೂರ್ತಿಯಾಯಿತು. ಮೂರ್ತಿ ಬಂದ ಮೇಲೆ ಮಡಿಮೈಲಿಗೆ ಬರಲೇಬೇಕಲ್ಲ? ಬಂತು. ಆಲ್ಕಲೈನ್ ಸೆಲ್ ಮೈಲಿಗೆ, ಕಾರ್ಬನ್ ಸೆಲ್ ಮಡಿ. ಅಡಾಪ್ಟರ್ ಹಾಕಿದವನು ಪಂಕ್ತಿಯಿಂದ ಹೊರಗೆ. ಎರಿಕ್ ಜಾನ್ಸನ್ ಎಂಬ ಅಮೆರಿಕದ ಮಹಾನ್ ಗಿಟಾರುಗಾರರಂತೂ ಪೆಡಲಿನಲ್ಲಿ ಯಾವ ಕಂಪನಿಯ ಸೆಲ್ ಇದೆ ಎಂಬುದು ತಮ್ಮ ಕಿವಿಗೆ ತಿಳಿಯುತ್ತದೆ ಎಂಬ ಮಾತಿಗೆ ಪ್ರಸಿದ್ಧರು. ಅವರ ಬೆರಳಿಗೆ ನಮಸ್ಕಾರ, ಕಿವಿಗೂ ನಮಸ್ಕಾರ. ನಮ್ಮ ಹುಡುಗರು ಆ ಬೆರಳುಗಳ ಗೊಡವೆಗೆ ಹೋಗಲಿಲ್ಲ. ಸುಲಭವಾಗಿ ಕೈಗೆ ಸಿಕ್ಕದ್ದು ಸೆಲ್, ಅದನ್ನು ಹಿಡಿದುಕೊಂಡರು.

ಸಾಯುವ ಸೆಲ್ಲೇ ಮೇಲು ಎಂಬ ಈ ತತ್ವವನ್ನು ಒಮ್ಮೆ ಮೂಡಲಗಿಯ ದನದ ಸಂತೆಯಲ್ಲಿ ಹೇಳಿ ನೋಡಬೇಕು. ಎಮ್ಮೆಗಳಿಗೆ ಹೆಸರಾದ ಸಂತೆ. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟುತ್ತಾರೆ, ಹಿಂಡಿ ನೋಡುತ್ತಾರೆ, ಆಮೇಲಷ್ಟೇ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿಯುತ್ತಾರೆ. ಅಂಥವರ ಮುಂದೆ ನಿಂತು, “ಕಾಕಾ, ಸಾಯಾಕ ಬಂದ ಎಮ್ಮಿ ಹಾಲಿಗೆ ಬ್ಯಾರೇನ ರುಚಿ ಇರತೈತಿ. ಅದಕ್ಕ ದುಪ್ಪಟ್ಟ ರೇಟ ಕೊಡಬೇಕು” ಎಂದು ಹೇಳಿ. ಕಾಕಾ ಸಿಟ್ಟಾಗುವುದಿಲ್ಲ. “ತಮ್ಮಾ, ಉಂಡ ಬಂದಿಯೇನ? ಬಿಸಲ ಭಾಳ ಐತಿ, ಮೊದಲ ನೆರಳಿಗೆ ಕುಂದರ” ಎನ್ನುತ್ತಾರೆ. ಪೆಡಲ್ ಕೊಳ್ಳುವವನಿಗೆ ಹೀಗೆ ನೆರಳು ತೋರಿಸುವವರಿಲ್ಲ. ಅವನು ಹಲ್ಲೂ ನೋಡುವುದಿಲ್ಲ, ಹಿಂಡಿಯೂ ನೋಡುವುದಿಲ್ಲ. ಮೊಬೈಲಿನ ಕಡಲೆಕಾಳಿನಷ್ಟು ಸ್ಪೀಕರಿನಲ್ಲಿ ವಿಡಿಯೋ ಕೇಳಿ, ಯಾವ ಸೆಲ್ಲಿನ ದನಿ ‘ಬೆಚ್ಚಗಿದೆ’ ಎಂದು ತೀರ್ಪು ಕೊಟ್ಟು ಕಂತಿನಲ್ಲಿ ತರಿಸುತ್ತಾನೆ.

ಬೆಲೆಯ ಮಾತು ಬಂದಿತು, ಹೇಳಿಬಿಡೋಣ. ಅರವತ್ತರ ದಶಕದ ಅಸಲಿ ಜರ್ಮೇನಿಯಂ ಪೆಡಲ್ಲು ಲಕ್ಷ ರೂಪಾಯಿ ದಾಟುತ್ತದೆ. ಅದರ ನಕಲನ್ನು ಕೈಯಿಂದ ಬೆಸುಗೆ ಹಾಕಿ ಮಾರುವವರೂ ಹತ್ತಾರು ಸಾವಿರ ಕೇಳುತ್ತಾರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಎಂದು ಹಗಲುರಾತ್ರಿ ರಸ್ತೆಯಲ್ಲಿ ಕೂತಿದ್ದರು. ಆ ಬೇಡಿಕೆಯ ದರದಲ್ಲೇ ಲೆಕ್ಕ ಹಾಕಿದರೂ ಮೂವತ್ತೈದು ಸಾವಿರದ ಪೆಡಲ್ ಎಂದರೆ ಹತ್ತು ಟನ್ ಕಬ್ಬು. ಅಪ್ಪ ಹತ್ತು ಟನ್ ಕಬ್ಬು ಕಡಿಸಿ ಕಾರ್ಖಾನೆಗೆ ಕಳಿಸಿ ಬಿಲ್ಲಿಗಾಗಿ ಕಾಯುತ್ತಾನೆ. ಮಗ ಎರಡು ಟ್ರಾನ್ಸಿಸ್ಟರು ತರಿಸಿ ಸೆಲ್ ಸಾಯುವುದನ್ನು ಕಾಯುತ್ತಾನೆ. ಒಂದೇ ಮನೆಯಲ್ಲಿ ಇಬ್ಬರು ಕಾಯುವವರು.

ಈಗ ಆ ಟ್ರಾನ್ಸಿಸ್ಟರುಗಳ ಜಾತಕ ನೋಡಿ. ಗಿಬ್ಸನ್‌ನವರು ಮೂರು ಜರ್ಮೇನಿಯಂ ಟ್ರಾನ್ಸಿಸ್ಟರು ಹಾಕಿ ಫಜ್‌ಟೋನ್ ಮಾರತೊಡಗಿದ 1962ರಲ್ಲೇ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಅಂದರೆ ಬಿಇಎಲ್, ಜರ್ಮೇನಿಯಂ ಟ್ರಾನ್ಸಿಸ್ಟರು ತಯಾರಿಸಲು ಶುರುಮಾಡಿತು. ಅವರದು ಗಿಟಾರಿನ ಡಬ್ಬಿ ಹೊಕ್ಕಿತು, ನಮ್ಮದು ರೇಡಿಯೋ ಹೊಕ್ಕಿತು. ಹುಕ್ಕೇರಿಯ ಹಳ್ಳಿಗಳಲ್ಲಿ ಆ ರೇಡಿಯೋಗಳು ಗೂಟಕ್ಕೆ ತೂಗಿಕೊಂಡು ಧಾರವಾಡ ಆಕಾಶವಾಣಿಯ ಕೃಷಿರಂಗ ಹೇಳಿದವು. ಸೆಲ್ ಇಳಿದಾಗ ಬೀಜಗೊಬ್ಬರದ ಸಲಹೆಗಳೆಲ್ಲ ಅಪ್ಪಟ ಫಜ್‌ನಲ್ಲಿ ಬಂದವು. ಅಜ್ಜ ರೇಡಿಯೋದ ಬೆನ್ನಿಗೆ ಎರಡು ಬಾರಿಸಿದ. ಆಗಲಿಲ್ಲವೆಂದರೆ ಸೆಲ್ಲುಗಳನ್ನು ತೆಗೆದು ಮಾಳಿಗೆಯ ಬಿಸಿಲಿಗಿಟ್ಟು ಇನ್ನೆರಡು ದಿನ ಜೀವ ಹಿಡಿಸಿದ. ಸಾಯುವ ಸೆಲ್ಲಿನ ಶಾಸ್ತ್ರ ನಮಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ. ಅಜ್ಜ ಅದರಲ್ಲಿ ಪಂಡಿತ. ಅವನಿಗೆ ಗೊತ್ತಿರದ ಸಂಗತಿ ಒಂದೇ: ಆ ಗರಗರವನ್ನು ಮಾರಬಹುದು ಎಂಬುದು.

ಟಿವಿ ಬಂತು, ರೇಡಿಯೋಗಳು ಗುಜರಿಗೆ ಹೋದವು. ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟೆವು. ಅವುಗಳ ಹೊಟ್ಟೆಯಲ್ಲಿದ್ದ ಸಣ್ಣ ತಗಡಿನ ಟೊಪ್ಪಿಗೆಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿಗಾಗಿ ಇವತ್ತು ಪೆಡಲ್ ಮಾಡುವವರು ದೇಶದೇಶಗಳ ಗೋದಾಮು ಜಾಲಾಡುತ್ತಿದ್ದಾರೆ. ನಮ್ಮ ಹುಡುಗ ಅಂಥದೇ ಒಂದು ಜೋಡಿಯನ್ನು ಹಡಗಿನಲ್ಲಿ ತರಿಸಿ, ಸೀಮಾಸುಂಕ ಕಟ್ಟಿ, ಬಿಚ್ಚಿದ ಪೆಟ್ಟಿಗೆಯ ಫೋಟೋ ಹಾಕುತ್ತಾನೆ. ಕಿಲೋ ಲೆಕ್ಕದಲ್ಲಿ ಮಾರಿದ್ದನ್ನು ಗುಂಜಿ ಲೆಕ್ಕದಲ್ಲಿ ಮರಳಿ ಕೊಳ್ಳುವ ವ್ಯಾಪಾರದಲ್ಲಿ ನಮ್ಮನ್ನು ಮೀರಿಸಿದವರಿಲ್ಲ.

ತರಿಸಿದ ಮೇಲೂ ಸುಖವಿಲ್ಲ. ಜರ್ಮೇನಿಯಂ ಎಂಬುದು ಬಿಸಿಲಿಗೆ ಬಾಡುವ ಧಾತು. ಶೆಕೆ ಏರಿದಂತೆ ಒಳಗಿನ ವಿದ್ಯುತ್ತು ಸೋರುತ್ತದೆ, ಟ್ರಾನ್ಸಿಸ್ಟರಿನ ನೆಲೆ ಜಾರುತ್ತದೆ, ದನಿ ಹೊಲಸಾಗುತ್ತದೆ. ಮಳೆಬಿದ್ದ ಲಂಡನ್ನಿನಲ್ಲಿ ಕುಂತು ಮಾಡಿದ ಪೆಟ್ಟಿಗೆ ಅದು. ಗೋಕಾಕದ ಏಪ್ರಿಲ್ ತಿಂಗಳು ಅದರ ಕಲ್ಪನೆಯಲ್ಲೇ ಇರಲಿಲ್ಲ. ಹೀಗಾಗಿ ಮನೆಯಲ್ಲಿ ಪೆಡಲ್ಲಿಗೆ ಫ್ರಿಜ್ಜಿನಲ್ಲಿ ಜಾಗ ಆಗಿದೆ. ಹಾಲಿನ ತಪ್ಪೇಲಿ, ನಿನ್ನೆಯ ಬದನೆಕಾಯಿ ಪಲ್ಯ, ಪಕ್ಕದಲ್ಲಿ ಫಜ್. “ಯವ್ವಾ, ಅದನ್ನ ಮುಟ್ಟಬ್ಯಾಡ, ಟೋನ್ ಕೆಡತೈತಿ” ಎಂದು ಮಗ ಹೇಳುತ್ತಾನೆ. ಆ ತಾಯಿ ಮುಟ್ಟುವುದಿಲ್ಲ. ಒಳಗೆ ಯಾವುದೋ ಔಷಧ ಇದೆ ಎಂದುಕೊಂಡಿದ್ದಾಳೆ, ನೆರೆಯವರಿಗೂ ಹಾಗೇ ಹೇಳಿದ್ದಾಳೆ.

ಇನ್ನು ಕರೆಂಟಿನ ಕಥೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ನೂಲಿನ ಗಿರಣಿ ಕಂಪನಿ ಹುಟ್ಟಿತು. 1887ರಲ್ಲೇ ಅಲ್ಲಿ ನೀರಿನಿಂದ ವಿದ್ಯುತ್ ತೆಗೆದರು ಎಂದು ಗೋಕಾಕದವರು ಎದೆಯುಬ್ಬಿಸಿ ಹೇಳುತ್ತಾರೆ. ಶಿವನಸಮುದ್ರದ್ದು 1902ರ ಮಾತು ಎಂದು ಕೂಡಲೇ ಸೇರಿಸುತ್ತಾರೆ. ಪಕ್ಕದ ಹುಕ್ಕೇರಿಯದು ಇನ್ನೊಂದು ಹೆಮ್ಮೆ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಶುರುವಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಒಂದು ಹುಕ್ಕೇರಿಯದು. ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಉಳಿದ ಕಡೆ ಜನ ವಿದ್ಯುತ್ತಿನ ಗ್ರಾಹಕರು, ಹುಕ್ಕೇರಿಯಲ್ಲಿ ಷೇರುದಾರರು. ಆ ಸಂಘದ ಚುನಾವಣೆ ಬಂದಾಗ ತಾಲ್ಲೂಕಿನಲ್ಲಿ ಹರಿಯುವ ವೋಲ್ಟೇಜನ್ನು ಅಳೆಯುವ ಮೀಟರು ಇನ್ನೂ ತಯಾರಾಗಿಲ್ಲ. ಹೀಗೆ ವಿದ್ಯುತ್ತಿನ ತವರುಮನೆ ಗೋಕಾಕ, ವಿದ್ಯುತ್ತಿನ ಸಹಕಾರ ಹುಕ್ಕೇರಿ. ಅಂಥ ಸೀಮೆಯ ಮಗ ಗೋಡೆಯ ಕರೆಂಟು ಅಶುದ್ಧ, ಸೆಲ್ಲಿನದೇ ಶುದ್ಧ ಎಂದು ಉಪದೇಶ ಮಾಡುತ್ತಾನೆ.

ಮಜಾ ಇರುವುದು ಮುಂದೆ. ಈಗಿನ ದುಬಾರಿ ಪೆಡಲ್ಲುಗಳಲ್ಲಿ, ದುಬಾರಿ ಪವರ್ ಸಪ್ಲೈಗಳಲ್ಲಿ ಒಂದು ವಿಶೇಷ ಗುಂಡಿ ಇಟ್ಟಿರುತ್ತಾರೆ. ತಿರುಗಿಸಿದರೆ ಒಂಬತ್ತು ವೋಲ್ಟು ಎಂಟಕ್ಕೆ, ಏಳಕ್ಕೆ, ಆರಕ್ಕೆ ಇಳಿಯುತ್ತದೆ. ಸಾಯುತ್ತಿರುವ ಸೆಲ್ಲಿನ ನಟನೆ ಮಾಡುವ ಗುಂಡಿ. ವೋಲ್ಟೇಜ್ ಇಳಿಸಿಕೊಳ್ಳಲು ಮನುಷ್ಯ ಹೆಚ್ಚಿಗೆ ರೊಕ್ಕ ಕೊಡುತ್ತಾನೆ ಎಂದು ಗೊತ್ತಾಗಿದ್ದರೆ ನಮ್ಮ ಹಳ್ಳಿಗಳು ಎಂದೋ ಶ್ರೀಮಂತವಾಗುತ್ತಿದ್ದವು. ಆ ಗುಂಡಿ ನಮ್ಮಲ್ಲಿ ಮೊದಲಿನಿಂದ ಇದೆ. ಸಬ್‌ಸ್ಟೇಷನ್ನಿನಲ್ಲಿ ಇದೆ, ಲೈನ್‌ಮನ್ನರ ಕೈಯಲ್ಲಿ ಇದೆ. ರಾತ್ರಿ ತ್ರಿಫೇಜ್ ಬಂದು ಊರಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಎದ್ದವು ಎಂದರೆ ಮನೆಯ ಫ್ಯಾನು ಯೋಚನೆ ಮಾಡಿ ತಿರುಗುತ್ತದೆ, ಬಲ್ಬು ಬೆಳದಿಂಗಳು ಸೂಸುತ್ತದೆ. ಇದರ ಹೆಸರು ‘ವಿಂಟೇಜ್ ವೋಲ್ಟೇಜ್’. ಬಳಸಿದಷ್ಟೂ ಉಚಿತ. ಬೆಂಗಳೂರಿನ ಸ್ಟುಡಿಯೋಗಳು ಬಾಡಿಗೆಗೆ ಬರಲಿ, ಹಳ್ಳಿಗೊಂದು ಟ್ರಾನ್ಸ್‌ಫಾರ್ಮರ್ ತೋರಿಸಿ ಕೊಡುತ್ತೇವೆ.

ದನಿಯನ್ನು ಕೆಡಿಸಿ ಚೆಂದ ಮಾಡುವ ವಿದ್ಯೆ ನಮಗೆ ಹೊಸದಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸರಿಸಿದರೆ ನಾದ ಝೇಂಕರಿಸುತ್ತದೆ. ಆ ಕುದುರೆಯನ್ನು ತಿಕ್ಕಿ ಹದ ಮಾಡುವ ಮನೆತನಗಳು ಇಲ್ಲಿಗೆ ಸಮೀಪದ ಮಿರಜದಲ್ಲಿ ತಲೆಮಾರುಗಳಿಂದ ಕೂತಿವೆ. ಖರ್ಚು ಒಂದೆಳೆ ದಾರ. ಸೆಲ್ ಬೇಡ, ಸತ್ತದ್ದೂ ಬೇಡ, ಬದುಕಿದ್ದೂ ಬೇಡ. ಆದರೆ ದಾರದ ಬಗ್ಗೆ ವಿಡಿಯೋ ಮಾಡಿ ಹತ್ತು ಕಂಪನಿಯ ದಾರ ಹೋಲಿಸಿದವರು ಇನ್ನೂ ಹುಟ್ಟಿಲ್ಲವಾದ್ದರಿಂದ ಅದಕ್ಕೆ ಮಾರ್ಕೆಟ್ ಇಲ್ಲ.

ಇನ್ನೊಂದು ನಮ್ಮ ಬ್ಯಾಂಜೋ. ಪಾಶ್ಚಾತ್ಯರ ಚರ್ಮದ ಬ್ಯಾಂಜೋ ಅಲ್ಲ. ಟೈಪ್‌ರೈಟರ್ ಥರದ ಗುಂಡಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗ. ಇದರ ಮೂಲ ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೊತೊ. ಅದು ಸಮುದ್ರ ದಾಟಿ ಬಂದು, ಮೈಗೆ ಪಿಕಪ್ ಕಟ್ಟಿಸಿಕೊಂಡು, ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಸೀಮೆಯ ಮದುವೆ ಮೆರವಣಿಗೆಗಳ ರಾಜನಾಯಿತು. ಬ್ಯಾಂಜೋ ಪಾರ್ಟಿಯವರು ವಾಹನದ ಬ್ಯಾಟರಿಗೋ ಜನರೇಟರಿಗೋ ಆಂಪ್ಲಿಫೈಯರ್ ಕಟ್ಟಿ, ವಾಲ್ಯೂಮನ್ನು ಕೊನೆಗೆ ತಿರುಗಿಸಿ, ಹಾರ್ನ್ ಸ್ಪೀಕರಿನಿಂದ ಹೊರಗೆ ಬಿಡುತ್ತಾರೆ. ಅಲೆಯ ತಲೆ ಬೋಳು, ಬುಡ ಬೋಳು, ಸಾಕ್ಷಾತ್ ಫಜ್. ಪೆಡಲ್ಲಿಲ್ಲದೆ, ಪೇಟೆಂಟಿಲ್ಲದೆ ದಶಕಗಳಿಂದ ಓಣಿಓಣಿಯಲ್ಲಿ ನಡೆದಿದೆ. ಅದನ್ನು ಕೇಳಿದಾಗ ಇದೇ ಹುಡುಗ ಕಿಟಕಿ ಮುಚ್ಚಿ “ಏನ ಕಿರಿಕಿರಿ ಮಾರಾಯಾ” ಎನ್ನುತ್ತಾನೆ. ಕಿಟಕಿ ಮುಚ್ಚಿ ಒಳಗೆ ಕೂತು ಲಂಡನ್ನಿನ ಕಿರಿಕಿರಿ ಕೇಳುತ್ತಾನೆ. ಬ್ಯಾಂಜೋ ಬಾರಿಸುವ ಮಾಮಾ ರಾತ್ರಿಯೆಲ್ಲ ದುಡಿದು ಒಯ್ಯುವ ಸಂಭಾವನೆ ಹುಡುಗನ ಕೇಬಲ್ಲಿನ ಬೆಲೆಗೂ ಸಾಲದು. ಆದರೆ ಮಾಮಾ ನೂರು ಹಾಡು ಬಾರಿಸಬಲ್ಲ.

ಅದಕ್ಕೂ ಹಿಂದಿನದು ಬೇಕೆ? ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಕಟ್ಟಿ ಆಡಿಸಿದ, ಕೌಜಲಗಿ ನಿಂಗಮ್ಮ ಹೆಸರು ಗಳಿಸಿದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ. ಬಯಲಲ್ಲಿ ಕೂತ ಜನಕ್ಕೆ ಬೆಳಗಿನವರೆಗೆ ಕೇಳಿಸುವ ದನಿ ಗಂಟಲಿನಿಂದಲೇ ಬರಬೇಕಾಗಿತ್ತು. ಪಾರಿಜಾತಕ್ಕೆ ಜೊತೆಯಾದ ಹಾರ್ಮೋನಿಯಂ ಕೂಡ ಪರದೇಶಿ ಪೆಟ್ಟಿಗೆಯೇ. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಬಾಗಿಲ ಹೊರಗೇ ನಿಲ್ಲಿಸಿತ್ತು. ಶ್ರುತಿಯ ಸೂಕ್ಷ್ಮ ಅದಕ್ಕೆ ಬಾರದು ಎಂಬ ಆರೋಪ. ಪಾರಿಜಾತದವರು ಆ ಆದೇಶಕ್ಕೆ ಕಾಯಲಿಲ್ಲ, ಪೆಟ್ಟಿಗೆ ಒತ್ತುತ್ತ ಹಾಡಿದರು. ಹಾಡು ಗಟ್ಟಿಯಿದ್ದವರಿಗೆ ಪೆಟ್ಟಿಗೆಯ ಕುಲಗೋತ್ರದ ಚಿಂತೆ ಇರಲಿಲ್ಲ.

ಇಲ್ಲಿಯೇ ನಮ್ಮವರನ್ನೂ ಸ್ವಲ್ಪ ವಿಚಾರಿಸಿಕೊಳ್ಳಬೇಕು. ಹಳ್ಳಿಯ ಮುಗ್ಧತೆ ಎಂದು ಹೊಗಳಿ ಮುಗಿಸಿದರೆ ಅನ್ಯಾಯವಾದೀತು. ಬ್ಯಾಂಜೋ ಮಾಮಾನನ್ನು ಓಡಿಸಿದ್ದು ಲಂಡನ್ನಿನ ಪೆಡಲ್ಲಲ್ಲ, ನಮ್ಮದೇ ‘ಡಾಲ್ಬಿ’. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಮಾಳಿಗೆಯೆತ್ತರ ಸ್ಪೀಕರ್ ಒಟ್ಟಿದ ಡಿಜೆಗೆ ಈ ಭಾಗದಲ್ಲಿ ಆ ಹೆಸರು. ರೇ ಡಾಲ್ಬಿ ಎಂಬ ಇಂಜಿನಿಯರ್ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆಗೆದದ್ದು ಟೇಪಿನ ಗದ್ದಲ ಅಳಿಸುವ ಉಪಕರಣ ಮಾರಲು. ಮರುವರ್ಷ ಅದೇ ಲಂಡನ್ನಿನಲ್ಲಿ ಫಜ್ ಫೇಸ್‌ನವರು ಗದ್ದಲ ಮಾಡುವ ಉಪಕರಣ ಮಾರಿದರು. ಎರಡನ್ನೂ ಒಂದೇ ಊರಿನಿಂದ ಬರಮಾಡಿಕೊಂಡು, ಅಳಿಸುವವನ ಹೆಸರಿನಲ್ಲೇ ಗಣಪತಿ ಮೆರವಣಿಗೆಯ ಗದ್ದಲ ಎಬ್ಬಿಸಿದ ಕೀರ್ತಿ ನಮಗೆ ಸಲ್ಲಬೇಕು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬೇಡ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದು ಹೇಳಿದ್ದು ಯಾರಿಗೂ ಕೇಳಿಸಿಲ್ಲ. ಕೇಳಿಸುವುದಾದರೂ ಹೇಗೆ?

ಇಷ್ಟು ದೊಡ್ಡ ವಿಷಯಕ್ಕೆ ಒಂದು ಸಮಿತಿ ಬೇಡವೆ? ಗೋಕಾಕ ಎಂದೊಡನೆ ರಾಜ್ಯಕ್ಕೆ ಸಮಿತಿ, ವರದಿ, ಚಳವಳಿ ನೆನಪಾಗುತ್ತವೆ. ಆ ವರದಿ ಬರೆದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ ಎಂಬ ತಕರಾರನ್ನು ಬದಿಗಿಟ್ಟು, ಊರಿನ ಹೆಸರು ಉಳಿಸಲು ಒಂದು ಫಜ್ ಸಮಿತಿ ರಚಿಸಬಹುದು. ಶಿಫಾರಸುಗಳನ್ನು ಈಗಲೇ ಬರೆದುಕೊಡುತ್ತೇನೆ, ಸಭೆಯ ಭತ್ಯೆ ಉಳಿಯಲಿ.

ಒಂದು: ಇಳಿದ ಸೆಲ್ಲುಗಳಿಗೆ ಸರ್ಕಾರ ಬೆಂಬಲ ಬೆಲೆ ಘೋಷಿಸಬೇಕು. ಬೆಳೆಗೆ ಸಿಗದ್ದು ಸೆಲ್ಲಿಗಾದರೂ ಸಿಗಲಿ.

ಎರಡು: ಹಳ್ಳಿಗಳಲ್ಲಿ ವೋಲ್ಟೇಜ್ ಏರಿಸುವ ಕಾಮಗಾರಿಗಳನ್ನು ಕೂಡಲೇ ನಿಲ್ಲಿಸಿ, ಇರುವ ಟೋನನ್ನು ಪರಂಪರೆ ಎಂದು ಸಂರಕ್ಷಿಸಬೇಕು.

ಮೂರು: ಉಪಯೋಗಿಸಿ ಎಸೆದ ಬ್ಯಾಟರಿಗಳನ್ನು ವಾಪಸ್ ಪಡೆಯುವ ಹೊಣೆ ತಯಾರಕರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳಿದೆ. ಅದನ್ನು ತಿದ್ದಿ, ಗಟಾರದಲ್ಲಿ ಬಿದ್ದ ಸೆಲ್ಲುಗಳನ್ನು ‘ನೈಸರ್ಗಿಕವಾಗಿ ಹಳತಾದವು’ ಎಂದು ಹರಾಜು ಹಾಕಬೇಕು.

ನಾಲ್ಕು: ಬ್ಯಾಂಜೋ ಮಾಮಾನ ಆಂಪ್ಲಿಫೈಯರಿಗೆ ಇಂಗ್ಲಿಷಿನಲ್ಲಿ ಹೆಸರು ಬರೆಸಬೇಕು. ಸಂಭಾವನೆ ತಾನಾಗಿ ಹತ್ತುಪಟ್ಟು ಆಗುತ್ತದೆ.

ಸಮಿತಿ ಏಳುವ ಮೊದಲು ತಾಂತ್ರಿಕ ಸಾಕ್ಷಿ ಬೇಕಲ್ಲ? ಯಾವುದೇ ಐಟಿಐ ಹುಡುಗನನ್ನು ಕರೆಯಿರಿ. ಎರಡು ಟ್ರಾನ್ಸಿಸ್ಟರಿನ ಫಜ್ ಎಳೆಯುವ ಕರೆಂಟು ಹೆಚ್ಚೆಂದರೆ ಒಂದು ಮಿಲಿ ಆಂಪಿಯರ್ ಆಸುಪಾಸು. ಸೆಲ್ಲಿನ ಒಳತಡೆ ನೂರು ಓಮ್ ಇದೆ ಎಂದೇ ಹಿಡಿಯೋಣ. ಓಮನ ನಿಯಮದ ಪ್ರಕಾರ ಇಳಿಯುವುದು 0.1 ವೋಲ್ಟ್. ಭಕ್ತರು ಗಂಟೆಗಟ್ಟಲೆ ಚರ್ಚಿಸುವ, ತಂತಿ ಮೀಟಿದೊಡನೆ ಸೆಲ್ ಬಳುಕಿ ಏಳುತ್ತದೆ ಎಂಬ ಮಹಿಮೆಯ ಬಹುಪಾಲು ಈ 0.1ರಲ್ಲಿ ಮುಗಿಯಿತು. ಸೆಲ್ ನಿಜಕ್ಕೂ ಇಳಿದು ಏಳಕ್ಕೋ ಆರಕ್ಕೋ ಬಂದಾಗ ದನಿ ಬದಲಾಗುವುದು ದಿಟ. ಆದರೆ ಅದನ್ನು ಹತ್ತಿಪ್ಪತ್ತು ರೂಪಾಯಿಯ ಪೊಟೆನ್ಶಿಯೋಮೀಟರ್ ಒಂದನ್ನು ಬೆಸೆದು ಯಾವಾಗ ಬೇಕೋ ಆಗ ತರಬಹುದು. ಸೆಲ್ಲಿನ ಪ್ರಾಣ ಹೋಗಲಿ ಎಂದು ದೀಪ ಹಚ್ಚಿ ಕೂರಬೇಕಾಗಿಲ್ಲ.

ಹಾಗೆಂದು ಪೆಡಲ್ಲಿಗೆ ಸೆಲ್ ಹಾಕುವುದೇ ಮೂರ್ಖತನ ಎನ್ನಬೇಡಿ. ಅದರಷ್ಟು ಜಾಣತನ ಬೇರೆ ಇಲ್ಲ. ಕಾರಣ ಮಾತ್ರ ಸಪ್ಪೆಯದು, ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ. ಹಳೆಯ ಜರ್ಮೇನಿಯಂ ಫಜ್‌ಗಳಲ್ಲಿ ಸೆಲ್ಲಿನ ಪ್ಲಸ್ ತುದಿ ತಗಡಿಗೆ ಸೇರಿರುತ್ತದೆ, ಉಳಿದ ಪೆಡಲ್ಲುಗಳಲ್ಲಿ ಮೈನಸ್. ಎರಡನ್ನೂ ಒಂದೇ ಅಡಾಪ್ಟರಿಗೆ ಕಟ್ಟಿದರೆ ಶಾರ್ಟ್ ಆಗಿ ಎಲ್ಲ ಬಂದ್. ಸೆಲ್ ಹಾಕಿದರೆ ಆ ರಗಳೆ ಇಲ್ಲ. ಜಾತ್ರೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಜನರೇಟರಿನ ಗುಂಯ್ ಎನ್ನುವ ಸದ್ದು ಅಗ್ಗದ ಅಡಾಪ್ಟರಿನ ಮೂಲಕ ಗಿಟಾರಿಗೆ ನುಗ್ಗುತ್ತದೆ. ಸೆಲ್ಲಿಗೆ ಅದು ಸೋಂಕುವುದಿಲ್ಲ. ಅಗ್ಗದ ಕಾರ್ಬನ್ ಸೆಲ್ಲಿನಲ್ಲೂ ಸುಮಾರು 400 ಮಿಲಿ ಆಂಪಿಯರ್ ಗಂಟೆಯ ಶಕ್ತಿ ಇರುತ್ತದೆ. ದಿನಕ್ಕೆ ಎರಡು ತಾಸು ನುಡಿಸಿದರೂ ಆರು ತಿಂಗಳು ಬರುತ್ತದೆ. ಬರಬೇಕು ಎಂದರೆ ಒಂದು ಕೆಲಸ ಮಾಡಬೇಕು. ಕೇಬಲ್ ಚುಚ್ಚುವ ಜ್ಯಾಕೇ ಈ ಡಬ್ಬಿಯ ಸ್ವಿಚ್ಚು. ಚುಚ್ಚಿಟ್ಟೇ ಬಿಟ್ಟರೆ ಸೆಲ್ ಹಗಲುರಾತ್ರಿ ಯಾರಿಗೂ ಕೇಳದ ಕಛೇರಿ ಕೊಡುತ್ತ ದಿನೇ ದಿನೇ ಖಾಲಿಯಾಗುತ್ತದೆ. ಸೆಲ್ ಬೇಗ ಸತ್ತಿತು, ಅದರಲ್ಲೇನೋ ಜಾದೂ ಇತ್ತು ಎನ್ನುವ ಬಹುಮಂದಿ ಕೇಬಲ್ ಕೀಳಲು ಮರೆತವರು.

ಸೆಲ್ಲನ್ನೂ ಜರ್ಮೇನಿಯಮ್ಮನ್ನೂ ದೂರಿ ಫಲವಿಲ್ಲ. ಕಾಯಿಲೆ ನಮ್ಮ ಕಿವಿಯದು. ನಮ್ಮ ಅಂಗಳದ ಗರಗರ ನಮಗೆ ಬಡತನದ ಗುರುತು, ನಾಚಿಕೆ. ಅದೇ ಗರಗರ ಡಬ್ಬಿಯೊಳಗೆ ಕೂತು, ಹೆಸರು ಬರೆಸಿಕೊಂಡು, ಸುಂಕ ಕಟ್ಟಿ ಬಂದರೆ ರುಚಿ, ಸಂಸ್ಕಾರ. ನ್ಯಾಶ್‌ವಿಲ್‌ನವರು ತಮ್ಮ ಕೆಟ್ಟ ಮಷಿನ್ನಿನ ಮುಂದೆ ನಿಂತು ಕಿವಿಗೊಟ್ಟರು, ಅದರಲ್ಲಿ ಒಂದು ಹಾಡು ಕೇಳಿಸಿತು. ಅವರಿಂದ ಕಲಿಯಬೇಕಾದದ್ದು ಆ ಕಿವಿಗೊಡುವುದನ್ನು. ನಾವು ತರಿಸಿಕೊಂಡದ್ದು ಡಬ್ಬಿಯನ್ನು.

ಆದ್ದರಿಂದ ತಮ್ಮಾ, ಪೆಡಲ್ ಬೇಕೆ? ತಗೋ. ಹೊಸ ಸೆಲ್ ಹಾಕು, ನುಡಿಸು, ಮುಗಿದ ಮೇಲೆ ಕೇಬಲ್ ಕಿತ್ತಿಡು. ಫ್ರಿಜ್ಜಿನಲ್ಲಿ ನಿಮ್ಮವ್ವನಿಗೆ ಸ್ವಲ್ಪ ಜಾಗ ಬಿಡು. ಮುಂದಿನ ಮೆರವಣಿಗೆಯಲ್ಲಿ ಬ್ಯಾಂಜೋ ಬಂದಾಗ ಕಿಟಕಿ ತೆಗೆದು, ಮಾಮಾನ ಎಡಗೈ ಗುಂಡಿಗಳ ಮೇಲೆ ಹೇಗೆ ಓಡುತ್ತದೆ ಎಂದು ನೋಡು. ತುಂಬಿದ ಒಂಬತ್ತು ವೋಲ್ಟಿನಲ್ಲಿ ಐದು ನಿಮಿಷ ಜನ ಕೂತು ಕೇಳುವಂತೆ ನುಡಿಸಲು ಬಾರದವನಿಗೆ, ಏಳೂವರೆಗೆ ಇಳಿದ ಸೆಲ್ ಏನನ್ನೂ ಕಲಿಸುವುದಿಲ್ಲ.